ಶಿಕಾಗೊ ನಗರದ ಸಾಲ ನಮ್ಮ ಮನೆ ಬಾಗಿಲಿಗೆ ಬರುತ್ತದೆಯೇ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಮತ್ತು ನನ್ನ ಹೆಂಡತಿ ಶಿಕಾಗೊದಲ್ಲಿ ಐಟಿ ಕೆಲಸದಲ್ಲಿದ್ದೇವೆ. ಮೂಲ ಊರು ಶಿವಮೊಗ್ಗದ ಕಡೆ. ಆರು ವರ್ಷದಿಂದ ಬಾಡಿಗೆ ಮನೆಯಲ್ಲಿದ್ದೇವೆ. ಮಗಳು ಮುಂದಿನ ವರ್ಷ ಶಾಲೆಗೆ ಸೇರಬೇಕು. ಹಾಗಾಗಿ ನಗರದೊಳಗೇ ಸ್ವಂತ ಮನೆ ತಗೊಳ್ಳೋಣ ಎಂದುಕೊಂಡಿದ್ದೇವೆ. ಆದರೆ ಉಪನಗರ ನೇಪರ್‌ವಿಲ್‌ನಲ್ಲಿರುವ ನಮ್ಮ ಭಾವ ಬೇಡವೇ ಬೇಡ ಅನ್ನುತ್ತಿದ್ದಾರೆ. 'ಶಿಕಾಗೊ ದಿವಾಳಿ ಅಂಚಿನಲ್ಲಿದೆ. ಒಬ್ಬೊಬ್ಬ ತೆರಿಗೆದಾರನ ಮೇಲೆ 40 ಸಾವಿರ ಡಾಲರ್ ಸಾಲ ಇದೆಯಂತೆ. ಮನೆ ಕೊಂಡ ದಿನವೇ ಅದು ನಿಮ್ಮ ತಲೆಗೆ ಬರುತ್ತೆ' ಎಂಬುದು ಅವರ ಮಾತು. ನಾವು ನೋಡಿದ ಮನೆಯ ಆಸ್ತಿ ತೆರಿಗೆ ಕಳೆದ ಬಿಲ್‌ನಲ್ಲಿ ಒಮ್ಮೆಗೇ ಐದನೇ ಒಂದು ಭಾಗದಷ್ಟು ಏರಿದೆ. ಬೆಂಗಳೂರಿನ ಅಪ್ಪನ ಫ್ಲಾಟ್‌ಗೆ ನಾನೇ ಆನ್‌ಲೈನ್‌ನಲ್ಲಿ ತೆರಿಗೆ ಕಟ್ಟುತ್ತೇನೆ. ಅಲ್ಲಿ ನನಗೆ ಹೀಗೆ ಯಾವತ್ತೂ ಆಗಿಲ್ಲ. ಇಷ್ಟು ಸಾಲ ಯಾಕಾಯಿತು? ಡೆಟ್ರಾಯ್ಟ್‌ಗೆ ಆದದ್ದೇ ಇಲ್ಲೂ ಆಗುತ್ತಾ? ಮನೆ ತಗೊಳ್ಳಬೇಕೋ ಬೇಡವೋ?

ಉತ್ತರ: ನೀವು ಕೇಳಿದ್ದು ಮನೆಯ ವಿಚಾರ. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಆ 40 ಸಾವಿರ ಡಾಲರ್. ಆ ಗಂಟನ್ನೇ ಮೊದಲು ಬಿಡಿಸೋಣ.

ಆ ಲೆಕ್ಕ ಹುಟ್ಟುವುದು ಹೀಗೆ. ನಗರ ಯಾರ್ಯಾರಿಗೆ ಎಷ್ಟು ಕೊಡಬೇಕು ಎಂದು ಕೂಡಿಸುತ್ತಾರೆ. ಅದನ್ನು ತೀರಿಸಲು ಕೈಯಲ್ಲಿರುವ ಹಣವನ್ನು ಕಳೆಯುತ್ತಾರೆ. ಉಳಿದ ಕೊರತೆಯನ್ನು ತೆರಿಗೆದಾರರ ಸಂಖ್ಯೆಯಿಂದ ಭಾಗಿಸುತ್ತಾರೆ. ಅಂದರೆ ಅದು ಬರೀ ಭಾಗಾಕಾರ, ಬಿಲ್ ಅಲ್ಲ. ನಗರದ ಸಾಲಕ್ಕೆ ನೀವು ಜಾಮೀನುದಾರರಲ್ಲ. ನಿಮ್ಮ ಮನೆಯ ಪತ್ರದಲ್ಲಿ ಆ ಸಾಲ ದಾಖಲಾಗುವುದಿಲ್ಲ. ಯಾರೂ ನೋಟಿಸ್ ಹಿಡಿದು ಬರುವುದಿಲ್ಲ. ನಾಳೆ ಮನೆ ಮಾರಿ ಬೇರೆ ಊರಿಗೆ ಹೋದರೆ ಆ 'ಪಾಲು' ನಿಮ್ಮ ಬೆನ್ನು ಹತ್ತುವುದೂ ಇಲ್ಲ.

ಹಾಗಂತ ಆ ಸಂಖ್ಯೆಯನ್ನು ಸುಳ್ಳು ಅಂತ ತಳ್ಳಿಹಾಕಬೇಡಿ. ಕೊರತೆ ಎಷ್ಟು ದೊಡ್ಡದು ಎನ್ನುವುದನ್ನು ಅದು ಸರಿಯಾಗಿಯೇ ತೋರಿಸುತ್ತದೆ. ಅದು ಹೇಳದಿರುವ ಸಂಗತಿ ಎರಡು. ಒಂದು, ಈ ಹಣವನ್ನು ಕಟ್ಟಿಕೊಡಲು ಸುಮಾರು ಮೂವತ್ತು ವರ್ಷದ ಅವಧಿ ಇದೆ. ಇನ್ನೊಂದು, ಅದು ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಎರಡನೆಯದೇ ನಿಮಗೆ ಮುಖ್ಯ. ಅದನ್ನು ಮುಂದೆ ವಿವರವಾಗಿ ಹೇಳುತ್ತೇನೆ.

ಶಿಕಾಗೊ ಇರುವ ಇಲಿನಾಯ್ ರಾಜ್ಯದ ಊರುಗಳ ಮತ್ತು ಶಾಲಾ ಜಿಲ್ಲೆಗಳ ಲೆಕ್ಕ ತಪಾಸಣೆಯಲ್ಲಿ ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದ್ದೇನೆ. ಅಷ್ಟು ಪುಸ್ತಕ ನೋಡಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ನಗರದ ಸಾಲ ಯಾವತ್ತೂ ಮುಂಬಾಗಿಲಿನಿಂದ ಬರುವುದಿಲ್ಲ. ನೀರಿನ ಬಿಲ್‌ನಲ್ಲಿ, ಫೋನ್ ಬಿಲ್‌ನಲ್ಲಿ, ಪಾರ್ಕಿಂಗ್ ದರದಲ್ಲಿ, ಆಸ್ತಿ ತೆರಿಗೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಒಳಗೆ ಬರುತ್ತದೆ. ಇದು ಬರೀ ಮಾತಲ್ಲ. ಶಿಕಾಗೊದಲ್ಲಿ ಕೂಲಿ ಕಾರ್ಮಿಕರ ಪಿಂಚಣಿ ನಿಧಿಗಾಗಿ ಫೋನ್ ಬಿಲ್ ಮೇಲಿನ ತುರ್ತು ಸೇವೆಯ ಶುಲ್ಕ ಏರಿಸಿದರು. ನಗರಸಭೆ ನೌಕರರ ನಿಧಿಗಾಗಿ 2016ರಲ್ಲಿ ನೀರು ಮತ್ತು ಒಳಚರಂಡಿ ಬಳಕೆಯ ಮೇಲೆ ಹೊಸ ತೆರಿಗೆ ತಂದರು. ಪೊಲೀಸ್ ಮತ್ತು ಅಗ್ನಿಶಾಮಕ ನಿಧಿಗಳಿಗಾಗಿ ಮೇಯರ್ ರಾಮ್ ಇಮ್ಯಾನುಯೆಲ್ 2015ರಲ್ಲಿ ಆಸ್ತಿ ತೆರಿಗೆಯನ್ನು 543 ಮಿಲಿಯನ್ ಡಾಲರ್ ಏರಿಸಿದರು. ಅದು ನಾಲ್ಕು ವರ್ಷಗಳಲ್ಲಿ ಹಂತ ಹಂತವಾಗಿ ಜಾರಿಯಾಯಿತು. ನೀವು ಬಾಡಿಗೆ ಮನೆಯಲ್ಲಿದ್ದರೂ ಇದನ್ನೆಲ್ಲ ಈಗಾಗಲೇ ಕಟ್ಟುತ್ತಿದ್ದೀರಿ. ಮನೆ ಮಾಲೀಕರು ತಮ್ಮ ತೆರಿಗೆಯನ್ನು ಬಾಡಿಗೆಯಲ್ಲಿ ಸೇರಿಸದೆ ಬಿಡುತ್ತಾರೆಯೇ?

ಸಾಲ ಯಾಕಾಯಿತು

ಸಾಲ ಅಂದ ತಕ್ಷಣ ಬಾಂಡು (ಹೂಡಿಕೆದಾರರಿಗೆ ಸಾಲಪತ್ರ ಕೊಟ್ಟು ಎತ್ತುವ ಹಣ), ಬ್ಯಾಂಕು ನೆನಪಾಗುತ್ತವೆ. ಶಿಕಾಗೊದಲ್ಲಿ ಅದಕ್ಕಿಂತ ದೊಡ್ಡದು ಪಿಂಚಣಿ ಬಾಕಿ. ನಗರಸಭೆ ನೌಕರರು, ಕೂಲಿ ಕಾರ್ಮಿಕರು, ಪೊಲೀಸರು, ಅಗ್ನಿಶಾಮಕ ದಳ ಹೀಗೆ ನಾಲ್ಕು ನಿಧಿಗಳಿವೆ. 2023ರ ಕೊನೆಗೆ ನಾಲ್ಕೂ ಸೇರಿ ಕೊರತೆ ಸುಮಾರು 37 ಬಿಲಿಯನ್ ಡಾಲರ್. ನಮ್ಮ ಲೆಕ್ಕದಲ್ಲಿ 3,700 ಕೋಟಿ ಡಾಲರ್. ನೂರು ಡಾಲರ್ ಇರಬೇಕಾದ ಪೆಟ್ಟಿಗೆಯಲ್ಲಿ ಇದ್ದದ್ದು ಇಪ್ಪತ್ತೈದರ ಆಸುಪಾಸು.

ಕರ್ನಾಟಕದಲ್ಲಿ ಹಳೆ ಪಿಂಚಣಿ, ಹೊಸ ಪಿಂಚಣಿ ಎಂಬ ಜಗಳ ಕೇಳಿಯೇ ಇರುತ್ತೀರಿ. 2006ರ ಏಪ್ರಿಲ್ 1ರ ನಂತರ ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ ಎನ್‌ಪಿಎಸ್ ಎಂಬ ಹೊಸ ಪಿಂಚಣಿ. ಅಲ್ಲಿ ಕಟ್ಟಿದ ಹಣ ಎಷ್ಟು ಬೆಳೆಯುತ್ತದೋ ಅಷ್ಟೇ ಕೈಗೆ ಬರುತ್ತದೆ. ಅದಕ್ಕಿಂತ ಹಿಂದೆ ಸೇರಿದವರಿಗೆ ಕೊನೆಯ ಸಂಬಳದ ಮೇಲೆ ಇಂತಿಷ್ಟು ಎಂಬ ಮಾತು. ಶಿಕಾಗೊದ್ದು ಎರಡರ ನಡುವಿನದು. ಪಿಂಚಣಿ ಇಷ್ಟು ಎಂಬ ಮಾತು ಹಳೆ ಪಿಂಚಣಿಯ ಹಾಗೆ ಗಟ್ಟಿ. ಆದರೆ ಅದಕ್ಕಾಗಿ ಎನ್‌ಪಿಎಸ್‌ನ ಹಾಗೆ ಒಂದು ನಿಧಿಯೂ ಇದೆ. ನೌಕರ ತನ್ನ ಪಾಲು ಕಟ್ಟಬೇಕು, ನಗರ ತನ್ನ ಪಾಲು ಕಟ್ಟಬೇಕು.

ನೌಕರರು ತಪ್ಪದೆ ಕಟ್ಟಿದರು. ನಗರಸಭೆ ನೌಕರರ ಸಂಬಳದಲ್ಲಿ ಶೇ 8.5, ಪೊಲೀಸರ ಸಂಬಳದಲ್ಲಿ ಶೇ 9 ಪ್ರತಿ ಸಲವೂ ಕಡಿತವಾಗುತ್ತದೆ. ಅದನ್ನು ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ನಗರದ ಪಾಲಿಗೆ ಮಾತ್ರ ರಾಜ್ಯದ ಕಾನೂನಿನಲ್ಲಿ ವಿಚಿತ್ರವಾದ ಸೂತ್ರವಿತ್ತು. ನಿಧಿಗೆ ನಿಜಕ್ಕೂ ಎಷ್ಟು ಬೇಕು ಎಂದು ಅದು ಕೇಳುತ್ತಲೇ ಇರಲಿಲ್ಲ. ನೌಕರರು ಕಟ್ಟಿದ್ದರ ಇಂತಿಷ್ಟು ಪಟ್ಟು ನಗರ ಕಟ್ಟಿದರೆ ಸಾಕು ಎನ್ನುತ್ತಿತ್ತು. ನಗರಸಭೆ ನೌಕರರ ನಿಧಿಗೆ ಒಂದೂಕಾಲು ಪಟ್ಟು, ಪೊಲೀಸ್ ನಿಧಿಗೆ ಎರಡು ಪಟ್ಟು. ಷೇರುಪೇಟೆ ಚೆನ್ನಾಗಿದ್ದಾಗ ಕೊರತೆ ಕಾಣಲಿಲ್ಲ. 2000ದ ಆರಂಭದ ಕುಸಿತ, ಆಮೇಲೆ 2008ರ ಕುಸಿತ ಬಂದಾಗ ನಿಧಿ ಬಸಿದುಹೋಯಿತು. ಆಗಲೂ ಸೂತ್ರ ಬದಲಾಗಲಿಲ್ಲ. ಒಂದು ವರ್ಷ ಕಮ್ಮಿ ಕಟ್ಟಿದರೆ ಆ ಹಣ ಮಾತ್ರ ಹೋಗುವುದಲ್ಲ. ಮುಂದಿನ ಮೂವತ್ತು ವರ್ಷ ಅದು ಗಳಿಸಬೇಕಿದ್ದ ಲಾಭವೂ ಹೋಗುತ್ತದೆ. ಇತ್ತ ಹಳೆಯ ನಗರಸಭೆ ನೌಕರರ ಪಿಂಚಣಿ ವರ್ಷಕ್ಕೆ ಶೇ 3ರಂತೆ ಚಕ್ರಬಡ್ಡಿಯ ಲೆಕ್ಕದಲ್ಲಿ ಏರುತ್ತದೆ. ಹಾಗೆ ಏರಿದರೆ ಸುಮಾರು 24 ವರ್ಷಕ್ಕೆ ಎರಡರಷ್ಟಾಗುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. 'ಈ ಸರ್ಕಾರಿ ನೌಕರರು ಊರನ್ನು ನುಂಗಿದರು' ಎನ್ನುವ ಮಾತು ನಮ್ಮವರ ಬಾಯಲ್ಲೂ ಕೇಳುತ್ತೇನೆ. ಅದು ಅನ್ಯಾಯದ ಮಾತು. ನಿಮ್ಮ ಸಂಬಳದಿಂದ ಕಡಿತವಾಗುವ ಸೋಷಿಯಲ್ ಸೆಕ್ಯುರಿಟಿ, ಅಂದರೆ ಕೇಂದ್ರ ಸರ್ಕಾರದ ಪಿಂಚಣಿ, ಶಿಕಾಗೊ ನಗರದ ನೌಕರರಿಗೆ ಇಲ್ಲ. ಮುದಿ ವಯಸ್ಸಿಗೆ ಅವರಿಗಿರುವುದು ಈ ಪಿಂಚಣಿಯೊಂದೇ. ಕೆಲವು ವರ್ಷಗಳ ಹಿಂದೆ ಒಂದು ಸಾರ್ವಜನಿಕ ಸಭೆಯಲ್ಲಿ ಗ್ರಂಥಾಲಯದಿಂದ ನಿವೃತ್ತರಾದ ಮಹಿಳೆಯೊಬ್ಬರು ನನ್ನ ಪಕ್ಕ ಕೂತಿದ್ದರು. ಪರದೆಯ ಮೇಲಿನ ಪಟ್ಟಿ ತೋರಿಸಿ, 'ನಾನು ಪ್ರತಿ ಸಲ ಕಟ್ಟಿದ್ದೆ ಅಲ್ವಾ, ಹಾಗಾದರೆ ಕೊರತೆ ಯಾರದ್ದು?' ಎಂದು ಕೇಳಿದರು. ಅದಕ್ಕಿಂತ ಸರಿಯಾದ ಪ್ರಶ್ನೆ ಆ ದಿನ ಆ ಸಭೆಯಲ್ಲಿ ಬರಲಿಲ್ಲ. ಕಂಪನಿಯೊಂದು ನೌಕರರ ಪಿಎಫ್ ಹಿಡಿದುಕೊಂಡು ತನ್ನ ಪಾಲನ್ನು ಅರ್ಧಂಬರ್ಧ ಕಟ್ಟಿದರೆ ನಾವು ಯಾರನ್ನು ಬೈಯುತ್ತೇವೆ?

ಪಿಂಚಣಿ ಕಡಿಮೆ ಮಾಡಿಬಿಡಬಹುದಲ್ಲ ಎಂದರೆ, ಆಗುವುದಿಲ್ಲ. ಸರ್ಕಾರಿ ಪಿಂಚಣಿಯನ್ನು ತಗ್ಗಿಸುವಂತಿಲ್ಲ ಎಂದು 1970ರ ಇಲಿನಾಯ್ ಸಂವಿಧಾನದಲ್ಲೇ ಬರೆದಿದೆ. ರಾಜ್ಯ ಸರ್ಕಾರ ತನ್ನ ನೌಕರರ ಪಿಂಚಣಿ ಕತ್ತರಿಸಲು ಮಾಡಿದ ಕಾನೂನನ್ನು ರಾಜ್ಯದ ಸುಪ್ರೀಂ ಕೋರ್ಟ್ 2015ರ ಮೇನಲ್ಲಿ ತಳ್ಳಿಹಾಕಿತು. ಶಿಕಾಗೊದ ಎರಡು ನಿಧಿಗಳಿಗೆ ಸಂಬಂಧಿಸಿದ ಅಂಥದೇ ಕಾನೂನನ್ನು 2016ರ ಮಾರ್ಚ್‌ನಲ್ಲಿ ತಳ್ಳಿಹಾಕಿತು. 2011ರಿಂದ ಈಚೆಗೆ ಸೇರಿದವರಿಗೆ ಕಡಿಮೆ ಸೌಲಭ್ಯದ ಎರಡನೇ ದರ್ಜೆ ಮಾಡಿದ್ದರು. ಅಲ್ಲೂ ಈಗ ಸಡಿಲವಾಗಿದೆ. ಆ ದರ್ಜೆಯ ಪೊಲೀಸ್ ಮತ್ತು ಅಗ್ನಿಶಾಮಕ ಸಿಬ್ಬಂದಿಯ ಪಿಂಚಣಿ ಏರಿಸುವ ಮಸೂದೆಗೆ 2025ರ ಆಗಸ್ಟ್‌ನಲ್ಲಿ ರಾಜ್ಯಪಾಲ ಪ್ರಿಟ್ಜ್‌ಕರ್ ಸಹಿ ಹಾಕಿದರು. ಅದರಿಂದ 11 ಬಿಲಿಯನ್ ಡಾಲರ್ ಹೊರೆ ಕೂಡುತ್ತದೆ ಎಂದು ನಗರದ ಹಣಕಾಸು ವಿಭಾಗ ಅಂದಾಜು ಮಾಡಿದೆ. ಸಹಿ ರಾಜ್ಯದ್ದು, ಖರ್ಚು ನಗರದ್ದು.

ಒಳ್ಳೆಯ ಸುದ್ದಿಯೂ ಇದೆ. ಆ ಹಳೆಯ ಪಟ್ಟು ಸೂತ್ರ ಈಗಿಲ್ಲ. ಪೊಲೀಸ್ ಮತ್ತು ಅಗ್ನಿಶಾಮಕ ನಿಧಿಗಳಿಗೆ 2020ರಿಂದ, ಉಳಿದ ಎರಡಕ್ಕೆ 2022ರಿಂದ ನಿಜವಾದ ಅಗತ್ಯ ಲೆಕ್ಕ ಹಾಕಿ ಹಣ ಕಟ್ಟುತ್ತಿದ್ದಾರೆ. ಮೊದಲಿನೆರಡು 2055ಕ್ಕೆ, ಉಳಿದೆರಡು 2058ಕ್ಕೆ ಶೇ 90ರಷ್ಟು ತುಂಬಬೇಕು. 2023ರಿಂದ ಕಾನೂನು ಕೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಕಟ್ಟುವ ಪದ್ಧತಿಯೂ ಶುರುವಾಯಿತು. ಸಾಲ ತೀರಿಸುವ ಶಕ್ತಿ ಅಳೆದು ದರ್ಜೆ ಕೊಡುವ ಮೂಡೀಸ್ ಸಂಸ್ಥೆ 2015ರಲ್ಲಿ ಶಿಕಾಗೊದ ಬಾಂಡನ್ನು ಹೂಡಿಕೆಗೆ ತಕ್ಕದ್ದಲ್ಲ ಎಂಬ ದರ್ಜೆಗೆ ಇಳಿಸಿತ್ತು. 2022ರ ನವೆಂಬರ್‌ನಲ್ಲಿ ಅದನ್ನು ಮತ್ತೆ ಮೇಲೆತ್ತಿತು. ಆದರೆ 2025ರ ಜನವರಿಯಲ್ಲಿ ಅಂಥದೇ ಇನ್ನೊಂದು ಸಂಸ್ಥೆ ಎಸ್ ಆಂಡ್ ಪಿ ಒಂದು ಮೆಟ್ಟಿಲು ಇಳಿಸಿತು. ಅಂದರೆ ರೋಗಿ ಐಸಿಯುನಿಂದ ಹೊರಗೆ ಬಂದಿದ್ದಾನೆ. ಮನೆಗೆ ಕಳಿಸುವಷ್ಟು ಗುಣವಾಗಿಲ್ಲ.

ಮೀಟರ್ ಮಾರಿದ ಕಥೆ

ನಿಮ್ಮ ಭಾವ ಪಾರ್ಕಿಂಗ್ ಮೀಟರ್ ಕಥೆಯನ್ನೂ ಹೇಳಿರಬೇಕು. ಸಾಲಕ್ಕೆ ಅದೇ ಕಾರಣ ಎಂದು ತುಂಬಾ ಜನ ನಂಬಿದ್ದಾರೆ. ಅದು ಕಾರಣವಲ್ಲ. ಆದರೆ ಹಣದ ಬಿಕ್ಕಟ್ಟಿನಲ್ಲಿರುವ ನಗರ ಎಂಥ ತಪ್ಪು ಮಾಡುತ್ತದೆ ಎನ್ನುವುದಕ್ಕೆ ನನಗೆ ಗೊತ್ತಿರುವ ಅತ್ಯಂತ ನೋವಿನ ಉದಾಹರಣೆ ಅದೇ.

2008ರ ಡಿಸೆಂಬರ್. ಮೇಯರ್ ರಿಚರ್ಡ್ ಡೇಲಿ ಅವರ ಆಡಳಿತ. ನಗರದ ಸುಮಾರು 36 ಸಾವಿರ ಪಾರ್ಕಿಂಗ್ ಮೀಟರ್‌ಗಳನ್ನು 75 ವರ್ಷಕ್ಕೆ ಗುತ್ತಿಗೆ ಕೊಟ್ಟರು. ಸಿಕ್ಕಿದ್ದು ಸುಮಾರು 1.15 ಬಿಲಿಯನ್ ಡಾಲರ್. ಗುತ್ತಿಗೆ ಪಡೆದದ್ದು ಮಾರ್ಗನ್ ಸ್ಟಾನ್ಲಿ ನೇತೃತ್ವದ ಹೂಡಿಕೆದಾರರ ಗುಂಪು. ಪ್ರಸ್ತಾಪ ಮುಂದೆ ಬಂದ ಕೆಲವೇ ದಿನಗಳಲ್ಲಿ ನಗರ ಮಂಡಳಿ 40-5 ಮತಗಳಿಂದ ಒಪ್ಪಿತು. 75 ವರ್ಷದ ಕರಾರನ್ನು ಸರಿಯಾಗಿ ಓದಲು ಕೆಲವು ದಿನ ಸಾಕೇ? ಮರುವರ್ಷ ನಗರಾಡಳಿತದ ಲೋಪಗಳನ್ನು ತನಿಖೆ ಮಾಡುವ ಇನ್‌ಸ್ಪೆಕ್ಟರ್ ಜನರಲ್ ವರದಿ ಬಂತು. ನಗರಕ್ಕೆ ಸುಮಾರು 974 ಮಿಲಿಯನ್ ಡಾಲರ್ ಕಡಿಮೆ ಸಿಕ್ಕಿದೆ ಎಂದು ಅದರಲ್ಲಿತ್ತು. ಬಂದ ಹಣದ ಬಹುಪಾಲು ಬಜೆಟ್ ತೂತು ಮುಚ್ಚಲು ಎರಡೇ ವರ್ಷದಲ್ಲಿ ಕರಗಿತು. ಬಡಾವಣೆಗಳಲ್ಲಿ ಗಂಟೆಗೆ 25 ಸೆಂಟ್ ಇದ್ದ ದರ ಒಮ್ಮೆಗೇ ಒಂದು ಡಾಲರ್ ಆಯಿತು, 2013ರ ಹೊತ್ತಿಗೆ ಎರಡು ಡಾಲರ್. ನಗರ ಯಾವುದೋ ರಸ್ತೆಯಲ್ಲಿ ಮೀಟರ್ ಮುಚ್ಚಿಸಿದರೆ ಕಂಪನಿಗೆ ಪರಿಹಾರ ಕೊಡಬೇಕು. ಹೂಡಿಕೆದಾರರ ಅಸಲು ಯಾವಾಗಲೋ ವಾಪಸ್ ಬಂದಿದೆ. ಗುತ್ತಿಗೆ ಮುಗಿಯುವುದು 2083ಕ್ಕೆ. ಆಗ ನಿಮ್ಮ ಮಗಳು ಅಜ್ಜಿಯಾಗಿರುತ್ತಾಳೆ.

ಬೆಂಗಳೂರು ಮಹಾನಗರ ಪಾಲಿಕೆ ಕೂಡ ಸಾಲಕ್ಕಾಗಿ ಮೇಯೋ ಹಾಲ್, ಕೆ.ಆರ್. ಮಾರುಕಟ್ಟೆಯಂಥ ಕಟ್ಟಡಗಳನ್ನು ಅಡ ಇಟ್ಟದ್ದು ನಿಮಗೆ ನೆನಪಿರಬಹುದು. ಅಡ ಇಟ್ಟದ್ದನ್ನು ಸಾಲ ತೀರಿಸಿ ಬಿಡಿಸಿಕೊಳ್ಳಬಹುದು. 75 ವರ್ಷದ ಆದಾಯವನ್ನೇ ಮಾರಿಬಿಟ್ಟರೆ ಬಿಡಿಸಿಕೊಳ್ಳಲು ಏನೂ ಉಳಿಯುವುದಿಲ್ಲ.

ಹೀಗೆ ಮುಂದಕ್ಕೆ ತಳ್ಳುವ ಚಾಳಿ ಪೂರ್ತಿ ಹೋಗಿಲ್ಲ. 2025ರ ಫೆಬ್ರವರಿಯಲ್ಲಿ ನಗರ ಮಂಡಳಿ 830 ಮಿಲಿಯನ್ ಡಾಲರ್ ಸಾಲಕ್ಕೆ 26-23 ಮತಗಳಿಂದ ಒಪ್ಪಿಗೆ ಕೊಟ್ಟಿತು. ಅದರ ಅಸಲನ್ನು ಮೊದಲ ಸುಮಾರು ಇಪ್ಪತ್ತು ವರ್ಷ ಮುಟ್ಟುವುದೇ ಇಲ್ಲ. ಬಡ್ಡಿ ಸೇರಿ ತೀರಿಸುವ ಮೊತ್ತ 2 ಬಿಲಿಯನ್ ಹತ್ತಿರ ಹೋಗುತ್ತದೆ. ರಸ್ತೆ, ಸೇತುವೆಗೆ ಸಾಲ ಮಾಡುವುದು ತಪ್ಪಲ್ಲ. ಅವನ್ನು ಮುಂದಿನವರೂ ಬಳಸುತ್ತಾರೆ. ಆದರೆ ಕಂತುಗಳನ್ನೆಲ್ಲ ಕೊನೆಗೆ ನೂಕುವುದನ್ನು ನಾನು ಒಪ್ಪುವುದಿಲ್ಲ.

ನಿಮ್ಮ ಬಿಲ್ ಯಾಕೆ ಏರಿತು

ಈಗ ನಿಮಗೆ ನೇರವಾಗಿ ತಾಗುವ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನ ಅಭ್ಯಾಸ ಇರುವವರು ಇಲ್ಲೇ ಎಡವುವುದು.

ಬೆಂಗಳೂರಿನಲ್ಲಿ ನೀವು ವಲಯ ನೋಡುತ್ತೀರಿ, ಚದರ ಅಡಿ ದರ ನೋಡುತ್ತೀರಿ, ಗುಣಿಸುತ್ತೀರಿ. ಏಪ್ರಿಲ್‌ನಲ್ಲಿ ಕಟ್ಟಿ ಶೇ 5 ರಿಯಾಯಿತಿ ಪಡೆಯುತ್ತೀರಿ. ದರ ಮೊದಲೇ ನಿಗದಿ. ಎಲ್ಲರೂ ಕಟ್ಟಿದ ಮೇಲೆ ಪಾಲಿಕೆಗೆ ಎಷ್ಟು ಬಂತೋ ಅಷ್ಟು. ಶಿಕಾಗೊದಲ್ಲಿ ಇದು ತಲೆಕೆಳಗು. ಇಲ್ಲಿ ಮೊದಲು ನಿಗದಿಯಾಗುವುದು ಒಟ್ಟು ಮೊತ್ತ. ನಗರ, ಶಾಲಾ ಮಂಡಳಿ, ಕುಕ್ ಕೌಂಟಿ (ಶಿಕಾಗೊ ಇರುವ ಜಿಲ್ಲೆ), ಉದ್ಯಾನ ಇಲಾಖೆ ಎಲ್ಲವೂ 'ನಮಗೆ ಇಷ್ಟು ಬೇಕು' ಎನ್ನುತ್ತವೆ. ಆಮೇಲೆ ಆ ಮೊತ್ತವನ್ನು ಆಸ್ತಿಗಳ ಬೆಲೆಗೆ ತಕ್ಕಂತೆ ಹಂಚುತ್ತಾರೆ.

ಅಪ್ಪನ ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ನೆನಪಿಸಿಕೊಳ್ಳಿ. ಸೆಕ್ಯುರಿಟಿ, ಲಿಫ್ಟ್, ನೀರಿನ ಟ್ಯಾಂಕರ್ ಎಲ್ಲ ಸೇರಿ ವರ್ಷಕ್ಕೆ ಹತ್ತು ಲಕ್ಷ ಬೇಕು ಅಂತಿಟ್ಟುಕೊಳ್ಳಿ. ಕೆಳಗಿನ ಅಂಗಡಿಗಳು ಅದರಲ್ಲಿ ನಾಲ್ಕು ಲಕ್ಷ ಕೊಡುತ್ತಿದ್ದವು. ಈಗ ಅಂಗಡಿಗಳಿಗೆ ವ್ಯಾಪಾರವಿಲ್ಲ. ಅವರ ಪಾಲನ್ನು ಮೂರು ಲಕ್ಷಕ್ಕೆ ಇಳಿಸಿದರು. ಖರ್ಚು ಮಾತ್ರ ಹತ್ತು ಲಕ್ಷವೇ. ಆ ಒಂದು ಲಕ್ಷ ಫ್ಲಾಟ್‌ಗಳ ಮೇಲೆ ಬೀಳುತ್ತದೆ ಅಲ್ವಾ? ಸಂಘದವರು ಒಂದು ರೂಪಾಯಿ ಜಾಸ್ತಿ ಕೇಳದಿದ್ದರೂ ನಿಮ್ಮ ಬಿಲ್ ಏರುತ್ತದೆ.

ಶಿಕಾಗೊದಲ್ಲಿ ಆಗಿರುವುದು ಹೆಚ್ಚಿನ ಮಟ್ಟಿಗೆ ಇದೇ. ಕೋವಿಡ್ ನಂತರ ನಗರದ ನಡುವಿನ ಲೂಪ್ ಪ್ರದೇಶದ ಕಚೇರಿ ಕಟ್ಟಡಗಳು ಖಾಲಿಯಾದವು, ಅವುಗಳ ಬೆಲೆ ಬಿತ್ತು. ನಗರದಲ್ಲಿ ಮೂರು ವರ್ಷಕ್ಕೊಮ್ಮೆ ಆಸ್ತಿ ಬೆಲೆ ಮರು ನಿಗದಿ ಮಾಡುತ್ತಾರೆ. 2024ರ ಮರು ನಿಗದಿಯಲ್ಲಿ ಮನೆಗಳ ಬೆಲೆ ಏರಿತ್ತು, ಕಚೇರಿಗಳದು ಇಳಿದಿತ್ತು. ಮೇಯರ್ ಬ್ರ್ಯಾಂಡನ್ ಜಾನ್ಸನ್ 300 ಮಿಲಿಯನ್ ಡಾಲರ್ ಆಸ್ತಿ ತೆರಿಗೆ ಏರಿಕೆ ಕೇಳಿದಾಗ 2024ರ ನವೆಂಬರ್‌ನಲ್ಲಿ ಮಂಡಳಿ 50-0 ಮತಗಳಿಂದ ತಿರಸ್ಕರಿಸಿತು. ತೆರಿಗೆ ಏರಲಿಲ್ಲ ಎಂದು ಜನ ಸಮಾಧಾನಪಟ್ಟರು. ಆದರೂ 2025ರ ಕೊನೆಗೆ ಬಂದ ಬಿಲ್‌ನಲ್ಲಿ ಮಧ್ಯಮ ಮನೆಯೊಂದರ (ಎಲ್ಲ ಬಿಲ್‌ಗಳ ಸಾಲಿನಲ್ಲಿ ಸರಿಯಾಗಿ ನಡುವೆ ಬರುವ ಮನೆ) ತೆರಿಗೆ ಶೇ 16.7ರಷ್ಟು ಏರಿತ್ತು ಎಂದು ಕೌಂಟಿ ಖಜಾಂಚಿ ಕಚೇರಿಯ ವಿಶ್ಲೇಷಣೆ ಹೇಳಿತು. ನೀವು ನೋಡಿದ ಮನೆಯ ಏರಿಕೆಗೂ ಮುಖ್ಯ ಕಾರಣ ಇದೇ ಇರಬೇಕು.

ನನಗೆ ಹೊಟ್ಟೆ ಉರಿಯುವುದು ಈ ಭಾರ ಬಿದ್ದ ಕಡೆ ನೋಡಿದಾಗ. ವೆಸ್ಟ್ ಗಾರ್‌ಫೀಲ್ಡ್ ಪಾರ್ಕ್‌ನಂಥ ಬಡ ಬಡಾವಣೆಯಲ್ಲಿ ಮಧ್ಯಮ ಮನೆಯ ಬಿಲ್ ಎರಡು ಪಟ್ಟಿಗಿಂತ ಜಾಸ್ತಿಯಾಯಿತು. ಅಲ್ಲಿರುವವರಲ್ಲಿ ಬಹಳಷ್ಟು ಮಂದಿ ದುಡಿದು ತಿನ್ನುವ ಕಪ್ಪು ಜನಾಂಗದ ಕುಟುಂಬಗಳು. ಅಜ್ಜಿ ಕಾಲದಿಂದ ಉಳಿಸಿಕೊಂಡು ಬಂದ ಮನೆಗಳವು. ತಲಾ 40 ಸಾವಿರ ಎಂಬ ಸರಾಸರಿಯಲ್ಲಿ ಇದು ಕಾಣುವುದೇ ಇಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಎಂದರೆ ಬಿಲ್ ಪೂರ್ತಿ ನಗರಕ್ಕೆ ಹೋಗುತ್ತದೆ ಎನ್ನುವುದು. ಅರ್ಧಕ್ಕಿಂತ ಜಾಸ್ತಿ ಹೋಗುವುದು ಶಾಲಾ ಮಂಡಳಿಗೆ. ನಗರಕ್ಕೆ ಹೋಗುವುದು ಕಾಲು ಭಾಗದ ಸುತ್ತಮುತ್ತ, ಅದರಲ್ಲಿ ಬಹುಪಾಲು ಪಿಂಚಣಿಗೆ. ಶಾಲಾ ಮಂಡಳಿಯ ಲೆಕ್ಕವೇ ಬೇರೆ, ಅದರ ಸಾಲವೇ ಬೇರೆ. 2025-26ರ ಸಾಲಿಗೆ ಅದು 734 ಮಿಲಿಯನ್ ಡಾಲರ್ ಕೊರತೆ ಎದುರಿಸಿತು. ಮಗಳು ಸಾರ್ವಜನಿಕ ಶಾಲೆಗೆ ಹೋಗುವುದಾದರೆ ನಗರದ ಬಜೆಟ್‌ಗಿಂತ ಶಾಲಾ ಮಂಡಳಿಯ ಬಜೆಟ್ ಮೇಲೆ ಹೆಚ್ಚು ಕಣ್ಣಿಡಿ.

ಡೆಟ್ರಾಯ್ಟ್ ಆಗುತ್ತದೆಯೇ

ಡೆಟ್ರಾಯ್ಟ್ 2013ರ ಜುಲೈ 18ರಂದು ದಿವಾಳಿ ಅರ್ಜಿ ಹಾಕಿತು. ಆಗ ಅದರ ಹೊರೆ ಸುಮಾರು 18 ಬಿಲಿಯನ್ ಡಾಲರ್. 1950ರಲ್ಲಿ ಹದಿನೆಂಟು ಲಕ್ಷಕ್ಕೂ ಹೆಚ್ಚು ಜನರಿದ್ದ ಊರಲ್ಲಿ ಏಳು ಲಕ್ಷ ಉಳಿದಿದ್ದರು. ಬೀದಿದೀಪಗಳಲ್ಲಿ ಸುಮಾರು ಶೇ 40 ಉರಿಯುತ್ತಿರಲಿಲ್ಲ. ಕೋರ್ಟ್ ಮೂಲಕ ಸುಮಾರು 7 ಬಿಲಿಯನ್ ಸಾಲ ಬಿಟ್ಟುಹೋಯಿತು. ನಗರದ ಸಾಮಾನ್ಯ ನಿವೃತ್ತರ ಪಿಂಚಣಿ ಶೇ 4.5 ಕಡಿತವಾಯಿತು, ವಾರ್ಷಿಕ ಏರಿಕೆ ನಿಂತಿತು. ಬಾಂಡ್ ಹಿಡಿದವರಲ್ಲಿ ಹಲವರು ಇನ್ನೂ ಹೆಚ್ಚು ಕಳೆದುಕೊಂಡರು. 2014ರ ಡಿಸೆಂಬರ್‌ನಲ್ಲಿ ಊರು ದಿವಾಳಿಯಿಂದ ಹೊರಬಂತು.

ಶಿಕಾಗೊ ಹಾಗಲ್ಲ. 27 ಲಕ್ಷ ಜನರಿದ್ದಾರೆ. ಒಂದೇ ಉದ್ಯಮ ನೆಚ್ಚಿದ ಊರಲ್ಲ. ಅದಕ್ಕಿಂತ ಮುಖ್ಯವಾಗಿ, ಒಂದು ನಗರ ದಿವಾಳಿ ಅರ್ಜಿ ಹಾಕಬೇಕಾದರೆ ರಾಜ್ಯದ ಕಾನೂನು ಅನುಮತಿ ಕೊಡಬೇಕು. ಇಲಿನಾಯ್ ಕಾನೂನು ಶಿಕಾಗೊಗೆ ಅಂಥ ಅನುಮತಿ ಕೊಟ್ಟಿಲ್ಲ. ಇದನ್ನು ಕೇಳಿ ಕೆಲವರು ನೆಮ್ಮದಿಪಡುತ್ತಾರೆ. ನನಗೆ ಅಷ್ಟು ನೆಮ್ಮದಿಯಿಲ್ಲ. ದಿವಾಳಿ ಇಲ್ಲ ಅಂದರೆ ಸಾಲ ಮನ್ನಾ ಕೂಡ ಇಲ್ಲ ಎಂದರ್ಥ. ಪಿಂಚಣಿ ಇಳಿಸುವಂತಿಲ್ಲ, ಬಾಂಡ್ ತಪ್ಪಿಸುವಂತಿಲ್ಲ. ಉಳಿಯುವುದು ಕಟ್ಟುವ ದಾರಿಯೊಂದೇ. ಹಾಗಾಗಿ ಒಂದು ದಿನ ಧಡಾರನೆ ಬೀಳುವುದಕ್ಕಿಂತ, ವರ್ಷ ವರ್ಷವೂ ಸ್ವಲ್ಪ ಜಾಸ್ತಿ ಕಟ್ಟಿ ಸ್ವಲ್ಪ ಕಮ್ಮಿ ಸೇವೆ ಪಡೆಯುವ ಸಾಧ್ಯತೆಯೇ ಹೆಚ್ಚು. ನೀವು ತಯಾರಾಗಬೇಕಿರುವುದು ಅದಕ್ಕೆ.

ನಗರದ ಮುಂದೆ ದಾರಿಗಳಿಲ್ಲ ಎಂದಲ್ಲ. ತೆರಿಗೆ ಏರಿಸಬಹುದು, ಆದರೆ ಜನ ಹೊರಟುಹೋದರೆ ಉಳಿದವರ ಪಾಲು ಮತ್ತೆ ಏರುತ್ತದೆ. ಸಾಲ ಎತ್ತಿ ಪಿಂಚಣಿ ನಿಧಿಗೆ ಸುರಿದು, ಬಡ್ಡಿಗಿಂತ ಹೆಚ್ಚು ಲಾಭ ಬರಲಿ ಎಂದು ಕಾಯಬಹುದು. ಡೆಟ್ರಾಯ್ಟ್ 2005ರಲ್ಲಿ ಹಾಗೇ 1.4 ಬಿಲಿಯನ್ ಎತ್ತಿತ್ತು. ಅದೇ ಸಾಲ ಆಮೇಲೆ ಅದರ ಕುತ್ತಿಗೆಗೆ ಸುತ್ತಿಕೊಂಡಿತು. ರಾಜ್ಯ ಒಪ್ಪಿದರೆ ಮಾರಾಟ ತೆರಿಗೆಯನ್ನು ಸೇವೆಗಳಿಗೂ ವಿಸ್ತರಿಸಬಹುದು. ಈಗ ಅದು ಮುಖ್ಯವಾಗಿ ಸರಕುಗಳ ಮೇಲಿದೆ. ನನ್ನ ಮಟ್ಟಿಗೆ ಅದು ಹೆಚ್ಚು ನ್ಯಾಯವಾದ ದಾರಿ, ಯಾಕೆಂದರೆ ಭಾರ ಮನೆಗಳ ಮೇಲಷ್ಟೇ ಬೀಳುವುದಿಲ್ಲ. ಆದರೆ ಅದರ ಕೀಲಿಕೈ ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿದೆ. ಇವೆಲ್ಲಕ್ಕಿಂತ ಮೊದಲು ಪ್ರತಿ ವರ್ಷ ನಿಧಿಗೆ ಕಟ್ಟಬೇಕಾದ್ದನ್ನು ಪೂರ್ತಿ ಕಟ್ಟಬೇಕು. ಅದನ್ನು ನಿಲ್ಲಿಸಿದ ದಿನ ನನ್ನ ಸಲಹೆಯೂ ಬದಲಾಗುತ್ತದೆ.

ಹಾಗಾದರೆ ನೀವು ಏನು ಮಾಡಬೇಕು

ನಗರದ ಸಾಲಕ್ಕೆ ಹೆದರಿ ಉಪನಗರಕ್ಕೆ ಓಡಿದರೆ ಸಾಲ ತಪ್ಪುತ್ತದೆ ಎಂದುಕೊಳ್ಳಬೇಡಿ. ನಗರದ ಹೊರಗೂ ಇಲಿನಾಯ್‌ನಲ್ಲಿ ಸುಮಾರು 650 ಪೊಲೀಸ್ ಮತ್ತು ಅಗ್ನಿಶಾಮಕ ಪಿಂಚಣಿ ನಿಧಿಗಳಿವೆ. ಬಹಳಷ್ಟರಲ್ಲಿ ಕೊರತೆ ಇದೆ. ಶಿಕಾಗೊದ ದಕ್ಷಿಣಕ್ಕಿರುವ ಹಾರ್ವೀ ಎಂಬ ಊರು ಪಿಂಚಣಿ ಕಟ್ಟದಿದ್ದಾಗ, 2018ರಲ್ಲಿ ಅದರ ಪಾಲಿನ ಆದಾಯವನ್ನೇ ರಾಜ್ಯ ತಡೆಹಿಡಿಯಿತು. ಆಗ ಊರು ಪೊಲೀಸರನ್ನು, ಅಗ್ನಿಶಾಮಕ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಬೇಕಾಯಿತು. ಜತೆಗೆ, ಮನೆಯ ಬೆಲೆಗೆ ಹೋಲಿಸಿದರೆ ಎಷ್ಟೋ ಉಪನಗರಗಳ ತೆರಿಗೆ ಶಿಕಾಗೊಗಿಂತ ಜಾಸ್ತಿಯೇ ಇದೆ. ನೇಪರ್‌ವಿಲ್‌ನಲ್ಲಿ ಶಾಲೆ ಚೆನ್ನಾಗಿದೆ, ನಮ್ಮವರ ಜತೆಗಾರಿಕೆ ಇದೆ, ನಿಜ. ಅಲ್ಲಿಗೆ ಹೋಗಲು ಅವು ಸಾಕಷ್ಟು ಒಳ್ಳೆಯ ಕಾರಣ. ಶಿಕಾಗೊದ ಸಾಲ ಮಾತ್ರ ಒಳ್ಳೆಯ ಕಾರಣವಲ್ಲ.

ನಗರದಲ್ಲೇ ಕೊಳ್ಳುವುದಾದರೆ, ಆ ಮನೆಯ ಹಿಂದಿನ ಐದು ವರ್ಷದ ಬಿಲ್ ನೋಡಿ. ಪ್ರತಿ ಆಸ್ತಿಗೂ ಒಂದು ಸಂಖ್ಯೆ ಇರುತ್ತದೆ. ಅದನ್ನು ಹಾಕಿದರೆ ಕೌಂಟಿ ಖಜಾಂಚಿಯ ವೆಬ್‌ಸೈಟಿನಲ್ಲಿ ಎಲ್ಲ ಸಿಗುತ್ತದೆ. ಮಾರುವವರು ಹಿರಿಯರಾಗಿದ್ದರೆ ವಿಶೇಷ ಎಚ್ಚರ ಬೇಕು. ಹಿರಿಯ ನಾಗರಿಕರ ವಿನಾಯಿತಿಗಳಿಂದ ಅವರ ಬಿಲ್ ತುಂಬಾ ಕಡಿಮೆ ಇರಬಹುದು. ಮನೆ ನಿಮ್ಮ ಹೆಸರಿಗೆ ಬಂದ ಮೇಲೆ ಆ ವಿನಾಯಿತಿ ಹೋಗುತ್ತದೆ, ಬಿಲ್ ಜಿಗಿಯುತ್ತದೆ. ಎಷ್ಟೋ ಹೊಸ ಮಾಲೀಕರು ಇದನ್ನೇ 'ನಗರ ತೆರಿಗೆ ಏರಿಸಿತು' ಅಂದುಕೊಳ್ಳುತ್ತಾರೆ. ವಾಸದ ಮನೆಯ ವಿನಾಯಿತಿಗೆ ನೀವು ನಿಮ್ಮ ಹೆಸರಲ್ಲೇ ಅರ್ಜಿ ಹಾಕಬೇಕು. ಮರೆತರೆ ಸುಮ್ನೆ ನಷ್ಟ.

ಇಲ್ಲಿ ತೆರಿಗೆ ಒಂದು ವರ್ಷ ತಡವಾಗಿ ಬರುತ್ತದೆ. ಈ ವರ್ಷ ಕಟ್ಟುವುದು ಹೋದ ವರ್ಷದ್ದು. ಮೊದಲ ಕಂತು ಹಿಂದಿನ ಬಿಲ್‌ನ ಶೇ 55, ನಿಜವಾದ ಏರಿಕೆ ಗೊತ್ತಾಗುವುದು ಎರಡನೇ ಕಂತಿನಲ್ಲಿ. ಹಾಗಾಗಿ ಕೊಳ್ಳುವಾಗ ಮಾರುವವರು ತಮ್ಮ ಕಾಲದ ತೆರಿಗೆಯನ್ನು ನಿಮಗೆ ಹೊಂದಿಸಿಕೊಡಬೇಕು. ಅದನ್ನು ಹಳೆಯ ಬಿಲ್ ಮೇಲೆ ಲೆಕ್ಕ ಹಾಕುತ್ತಾರೆ. ಏರುತ್ತಿರುವ ಕಾಲದಲ್ಲಿ ಹಳೆಯ ಬಿಲ್‌ನ ಶೇ 100ಕ್ಕೇ ಒಪ್ಪಬೇಡಿ. ಶೇ 105, ಶೇ 110 ಕೇಳುವಂತೆ ನಿಮ್ಮ ವಕೀಲರಿಗೆ ಹೇಳಿ. ಕೊಳ್ಳುವವರು ಬೆಲೆಯ ಮೇಲೆ ಸಾವಿರಕ್ಕೆ ಏಳೂವರೆ ಡಾಲರ್ ನಗರದ ವರ್ಗಾವಣೆ ತೆರಿಗೆ ಕಟ್ಟಬೇಕು, ಅದನ್ನೂ ಸೇರಿಸಿಕೊಳ್ಳಿ.

ಮುಂದಿನ ಮರು ನಿಗದಿ 2027ರಲ್ಲಿ. ಅದರ ಬಿಲ್ ಬರುವುದು 2028ರಲ್ಲಿ. ನಿಮ್ಮ ಬಡಾವಣೆಯ ಸರದಿ ಬಂದಾಗ ಬೆಲೆ ಜಾಸ್ತಿ ಹಾಕಿದ್ದಾರೆ ಅನ್ನಿಸಿದರೆ ಮೇಲ್ಮನವಿ ಹಾಕಿ. ಮೊದಲು ಆಸ್ತಿ ಬೆಲೆ ನಿಗದಿ ಮಾಡುವ ಅಸೆಸರ್ ಕಚೇರಿಗೆ, ಆಮೇಲೆ ಅದನ್ನು ಮರುಪರಿಶೀಲಿಸುವ ಬೋರ್ಡ್ ಆಫ್ ರಿವ್ಯೂಗೆ. ಶುಲ್ಕವಿಲ್ಲ. ದೊಡ್ಡ ಕಟ್ಟಡಗಳ ಮಾಲೀಕರು ತಪ್ಪದೆ ಹಾಕುತ್ತಾರೆ. ಅವರು ಗೆದ್ದಾಗಲೆಲ್ಲ ಮೇಲ್ಮನವಿ ಹಾಕದವರ ಪಾಲು ಬೆಳೆಯುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ: ಏಳೆಂಟು ವರ್ಷ ಅಲ್ಲೇ ಇರುವುದು ಖಚಿತವಾಗಿದ್ದು, ಇಂದಿನ ತೆರಿಗೆ ಶೇ 40 ಏರಿದರೂ ತಿಂಗಳ ಕಂತು ಕಟ್ಟಲು ಆಗುವುದಾದರೆ ತಗೊಳ್ಳಿ. ಶೇ 40 ಭವಿಷ್ಯವಾಣಿ ಅಲ್ಲ, ನಾನು ಮನೆ ಕೊಳ್ಳುವವರಿಗೆ ಹೇಳುವ ಸುರಕ್ಷತೆಯ ಅಳತೆ. ಬ್ಯಾಂಕಿನವರು ನಿಮ್ಮ ಕಂತಿನ ಜತೆಗೇ ತೆರಿಗೆ ಹಣ ಹಿಡಿದಿಟ್ಟುಕೊಳ್ಳುತ್ತಾರೆ. ಬಿಲ್ ಏರಿದ ವರ್ಷ ಹಳೆಯ ಕೊರತೆ, ಹೊಸ ಏರಿಕೆ ಎರಡನ್ನೂ ಒಟ್ಟಿಗೇ ಕಂತಿಗೆ ಸೇರಿಸುತ್ತಾರೆ. ನನ್ನ ಪರಿಚಯದ ಕುಟುಂಬಗಳು ಕಂಗಾಲಾದದ್ದು ಆಗಲೇ. ಕೆಲಸದ ವೀಸಾ ಇನ್ನೂ ಹಗ್ಗದ ಮೇಲಿದ್ದರೆ, ಅಥವಾ ಆ ಅಳತೆಯಲ್ಲಿ ಕಂತು ಕೈಮೀರುವುದಾದರೆ ಇನ್ನೆರಡು ವರ್ಷ ಬಾಡಿಗೆಯಲ್ಲೇ ಇರಿ. ಅದರಲ್ಲಿ ಸೋಲೇನೂ ಇಲ್ಲ.

ತೀರ್ಮಾನಕ್ಕೆ ಮೊದಲು ಒಂದು ಕೆಲಸ ಮಾಡಿ. ನೀವು ನೋಡಿದ ಮನೆಯ ಬಿಲ್ ಒಂದು ಕಡೆ, ಭಾವನ ನೇಪರ್‌ವಿಲ್ ಮನೆಯ ಬಿಲ್ ಇನ್ನೊಂದು ಕಡೆ ಇಟ್ಟುಕೊಂಡು ಇಬ್ಬರೂ ಕೂತು ನೋಡಿ. ಎರಡರಲ್ಲೂ ಪಿಂಚಣಿಗೆ ಎಷ್ಟು ಹೋಗುತ್ತದೆ ಎಂದು ಬೇರೆಯಾಗಿ ನಮೂದಿಸಿರುತ್ತಾರೆ. ಒಟ್ಟು ತೆರಿಗೆಯನ್ನು ಆಯಾ ಮನೆಯ ಬೆಲೆಯಿಂದ ಭಾಗಿಸಿ. ಬಂದ ಎರಡು ಸಂಖ್ಯೆಗಳನ್ನು ನನಗೆ ಬರೆದು ಕಳಿಸಿ, ಅದರ ಮೇಲೆ ಮುಂದಿನ ಮಾತಾಡೋಣ.